ಬಿಸಿಗೆ ಕಪ್ಪಾಗುವ ಕಾಗದ

(ಬೆನಿನ್ ಸಿಟಿ, ಎಕೆನ್ವಾನ್ ರಸ್ತೆ)

ಜೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೋ:
ಬೋರ್ಡಿನ ಮೇಲೆ ಇಷ್ಟೇ ಬರೆಸಿದ್ದೇನೆ.
ಜನರೇಟರಿಗೆ ಎಣ್ಣೆ ಹಾಕಿ, ಯಂತ್ರ ಕಾಯುವವರೆಗೆ
ಹುರಿದ ಬಾಳೆಕಾಯಿ ತಿನ್ನುತ್ತ ಕೂರುತ್ತೇನೆ.
ಮೊದಲೆಲ್ಲ ಬರುತ್ತಿದ್ದವು ಮಾರ್ಕ್ಸ್ ಕಾರ್ಡು, ಮದುವೆಯ ಪತ್ರ,
ತೀರಿಕೊಂಡ ತಂದೆಯ ಪಟ.
ಈಗ ಬರುವುದು ರಸೀದಿ.

ಲ್ಯಾಪ್‌ಟಾಪಿನದು, ಫೋನಿನದು,
ಒಬ್ಬ ತಂದಿದ್ದ ಬೂಟಿನದು. ನಗಬೇಡಿ.
ಹೊಸ ಬೂಟು, ಹಳೆಯ ಪ್ಯಾಂಟು: ಅನುಮಾನಕ್ಕೆ ಅಷ್ಟು ಸಾಕು
ರಸ್ತೆಗೆ ಅಡ್ಡ ಟೈರು ಇಟ್ಟು ಬಂದೂಕು ಹಿಡಿದು ನಿಂತವರಿಗೆ.
ಯಾರೂ ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ
ನಮ್ಮ ಹುಡುಗರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ,
ಕುಂಬಳದ ಬಳ್ಳಿಯನ್ನೇ ಕಂಡಿರದವರು ಕೂಡ.
ಕೂದಲು ಹೆಣೆದುಕೊಂಡು ಬಂದವನಿಗೆ ಮಾತ್ರ
ನಾನೇನೂ ಮಾಡಿಕೊಡಲಾರೆ. ತಲೆಗೆ ರಸೀದಿ ಇಲ್ಲ.
ಎದುರಿಗಿರುವ ಕ್ಷೌರದ ಅಂಗಡಿ ತೋರಿಸುತ್ತೇನೆ.

ಈ ಕೆಲಸದಲ್ಲೊಂದು ಸೂಕ್ಷ್ಮವಿದೆ.
ಅಂಗಡಿಯವರು ಹರಿದು ಕೊಡುವ ನುಣುಪು ಚೀಟಿಗೆ ಶಾಯಿ ಇರುವುದಿಲ್ಲ,
ಬಿಸಿಯೇ ಅದರ ಅಕ್ಷರ. ಇನ್ನಷ್ಟು ಬಿಸಿ ತಾಗಿದರೆ
ಇಡೀ ಕಾಗದವೇ ಅಕ್ಷರವಾಗಿಬಿಡುತ್ತದೆ, ಕಪ್ಪಗೆ.
ಅದಕ್ಕೇ ಮೊದಲು ಜೆರಾಕ್ಸ್, ಆಮೇಲೆ ಪ್ಲಾಸ್ಟಿಕ್ಕು.

ಆ ಗುರುವಾರ ಮರಳುಗಾಡಿನ ಧೂಳು ಊರ ಮೇಲೆ ಕೂತಿತ್ತು.
ಅಡೆಸುವಾಳ ಮಗ ಇಯೊಬೊಸ ಬಂದ,
ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು.
"ಆಂಟಿ, ಬೇಗ, ಆಟೋ ನಿಂತಿದೆ."
ಟೋನರ್ ಮುಗಿದಿತ್ತು. ಅವಸರದಲ್ಲಿ ನಾನು
(ಇಲ್ಲ, ಅವಸರ ಅವನದು, ನನ್ನದು ಸೋಮಾರಿತನ)
ಚೀಟಿಯನ್ನು ನೇರ ಉರುಳೆಗಳ ನಡುವೆ ತಳ್ಳಿದೆ.
ಈಚೆ ಬಂದದ್ದು ರಾತ್ರಿಯ ಒಂದು ತುಂಡು.
ಅವನು ನಕ್ಕ. "ಇರಲಿ ಬಿಡಿ, ಓರೆ ಹಿಡಿದರೆ ಕಾಣುತ್ತದೆ."
ದುಡ್ಡು ಬೇಡವೆಂದೆ. ಇಟ್ಟು ಹೋದ,
ಚಿಲ್ಲರೆಯನ್ನೂ ಎಣಿಸಿ.

ಶನಿವಾರ ಅಡೆಸುವಾಳ ಜೊತೆ ಠಾಣೆಗೆ ಹೋದೆ.
ಗೋಡೆಯ ಮೇಲೆ ದಪ್ಪ ನೀಲಿ ಅಕ್ಷರ: ಜಾಮೀನು ಉಚಿತ.
ಅದರ ಕೆಳಗೇ ಮೇಜು, ಮೇಜಿಗೊಂದು ಡ್ರಾಯರು.
ಅವಳು ಎಪ್ಪತ್ತು ಸಾವಿರ ನೈರಾ ಎಣಿಸಿದಳು,
ಒಣಮೀನು ಮಾರಿದ ನೋಟು.
ಸಾಹೇಬರು ಮೂಗು ಮುಚ್ಚಿಕೊಂಡರು,
ಕೈ ಮುಚ್ಚಿಕೊಳ್ಳಲಿಲ್ಲ.

ಆಗ, ಅಕ್ಷರ ಬಾರದ ಅಡೆಸುವಾ, ಕೇಳಿದಳು:
"ರಸೀದಿ?"

ಠಾಣೆಗೆ ಠಾಣೆಯೇ ನಕ್ಕಿತು. ಲಾಕಪ್ಪಿನೊಳಗಿಂದಲೂ ಯಾರೋ ನಕ್ಕರು.
ಅವಳು ನಗಲಿಲ್ಲ. "ದುಡ್ಡಿಗೆ ಬೇಡ ಸ್ವಾಮಿ, ಮಗನಿಗೆ ಕೊಡಿ.
ಗುರುವಾರ ಸಂಜೆ, ಎರಡು ಕಣ್ಣು, ಹತ್ತು ಬೆರಳು,
ಮೂವತ್ತೊಂದು ಹಲ್ಲು (ಒಂದು ಚಿಕ್ಕಂದಿನಲ್ಲಿ ಬಿದ್ದು ಹೋದದ್ದು)
ಇರುವ ಹುಡುಗನನ್ನು ಪಡೆದುಕೊಂಡಿದ್ದೇವೆ, ಅಂತ
ಒಂದು ಸಾಲು ಬರೆದು ಮೊಹರು ಒತ್ತಿ."

ಮೊಹರು ಮೇಜಿನ ಮೇಲೇ ಇತ್ತು.

ಇಯೊಬೊಸ ಬದುಕಿದ್ದಾನೆ. ಸಂಜೆ ಬಿಟ್ಟರು.
ಎಡಗೈಯ ಎರಡು ಬೆರಳು ಈಗ ಮಡಚುವುದಿಲ್ಲ.
ಲ್ಯಾಪ್‌ಟಾಪ್ ಇಟ್ಟುಕೊಂಡು
ಆ ಕಪ್ಪು ಚೂರನ್ನು ಮಾತ್ರ ವಾಪಸು ಕೊಟ್ಟರು.

ಬಿಳಿಯ ಕಾಗದವಿದ್ದಿದ್ದರೆ ಬಿಡುತ್ತಿದ್ದರೇ?
ನನ್ನ ಗಂಡ ಹೇಳುತ್ತಾನೆ, ಅವರು ಕೇಳುವುದು ಓದುವುದಕ್ಕಲ್ಲ ಅಂತ.
ಇರಬಹುದು. ಆದರೂ ಯಂತ್ರ ಬಿಸಿಯಾಗುವ ವಾಸನೆ ಬಂದಾಗಲೆಲ್ಲ
ಬಾಳೆಕಾಯಿ ಗಂಟಲಲ್ಲಿ ಇಳಿಯುವುದಿಲ್ಲ.

ಕಳೆದ ವಾರ ಅಡೆಸುವಾ ಬಂದಳು, ಮೀನಿನ ಬುಟ್ಟಿ ಹೊತ್ತೇ.
ಅವಳು ಹೇಳುತ್ತ ಹೋದಳು, ನಾನು ಟೈಪು ಮಾಡಿದೆ:
ಹೆಸರು. ದಿನ. ಹೊತ್ತು.
ಒಳಗೆ ಬರುವಾಗ ಬೆರಳು ಎಷ್ಟು, ಹಲ್ಲು ಎಷ್ಟು.
ಪಡೆದವರ ಸಹಿ, ಬ್ಯಾಡ್ಜಿನ ನಂಬರು.
"ಮೀನು ಕೊಂಡವರಿಗೆಲ್ಲ ಒಂದೊಂದು ಸುತ್ತಿ ಕೊಡುತ್ತೇನೆ" ಅಂದಳು.
"ಇಂಥದ್ದಕ್ಕೆ ಯಾರು ಸಹಿ ಹಾಕುತ್ತಾರೆ, ಅಡೆಸುವಾ?"
"ಕೇಳುವುದನ್ನಾದರೂ ಕಲಿಯಲಿ. ನೂರು ಪ್ರತಿ ಮಾಡು."

ಟೋನರ್ ಇತ್ತು.